ಕಾರಿನೊಳಗೊಂದು ಅಗ್ಗಿಷ್ಟಿಕೆ

ಸುಳ್ಳು ಹೇಳುವವರನ್ನು ಒಂದು ಫರ್ಲಾಂಗು ದೂರದಿಂದಲೇ ಗುರುತಿಸಬಲ್ಲೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಕೋಲಾರದ ಕೋರ್ಟಿನಲ್ಲಿ ಕರಿಕೋಟು ತೊಟ್ಟು ಹದಿನೈದು ವರ್ಷ ನಿಂತವನಿಗೆ ಅಷ್ಟಾದರೂ ಜಂಬ ಬೇಡವೇ? ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ನಾನು ಅವನ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ಮುಖಕ್ಕೆ ಪಾಠ ಹೇಳಿಕೊಟ್ಟು ಕರೆತರುವ ವಕೀಲರು ಬೇಕಾದಷ್ಟಿದ್ದಾರೆ. ಕಾಲಿಗೆ ಹೇಳಿಕೊಡುವುದು ಯಾರಿಗೂ ನೆನಪಿರುವುದಿಲ್ಲ. ಬಾಯಿಂದ ಸುಳ್ಳು ಹೊರಬೀಳುವಾಗ ಕಾಲಿನ ಹೆಬ್ಬೆರಳು ಒಂದಿಷ್ಟು ಮೇಲೇಳುತ್ತದೆ. ಶ್ರೀನಿವಾಸಪುರದ ಗಟ್ಟಿ ಕುಳಗಳೂ, ಮುಳಬಾಗಿಲಿನ ಮಾತುಗಾರರೂ ಈ ಹೆಬ್ಬೆರಳಿನಿಂದಲೇ ನನ್ನ ಕೈಗೆ ಸಿಕ್ಕಿಬಿದ್ದಿದ್ದಾರೆ. ಈ ವಿದ್ಯೆ ಕೈಕೊಟ್ಟದ್ದು ಒಂದೇ ಒಂದು ಸಲ, ಅದೂ ನನ್ನ ಸ್ವಂತ ಕಾರಿನೊಳಗೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಚಿನ್ನದ ಗಣಿಯ ದೊರೆಯೊಬ್ಬ ಕೆಲಸ ಬಿಟ್ಟು ಸೀಮೆಗೆ ವಾಪಸು ಹೊರಟಿದ್ದ. ತನ್ನ ಊರಿನಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ಕಾರನ್ನು ಮಾರುತ್ತಾನೆಂದು ತಿಳಿದು ನಾನು ಓಡಿಹೋದೆ. ಆತ ಎಂಜಿನ್ನು ತೋರಿಸಿದ, ದೀಪ ತೋರಿಸಿದ, ಚರ್ಮದ ಸೀಟು ತೋರಿಸಿದ. ನಾನು ಹಾರನ್ನು ಒತ್ತಿ ನೋಡಿದೆ. ಅದರ ಗಂಭೀರವಾದ ಧ್ವನಿ ಕೇಳಿದ ಮೇಲೆ ಬೇರೆ ಏನನ್ನೂ ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಮ್ಮೆಯಿಂದ ಕೋಲಾರಕ್ಕೆ ಓಡಿಸಿಕೊಂಡು ಬರುವಾಗ ಸ್ಟಿಯರಿಂಗಿನ ಪಕ್ಕದಲ್ಲಿ ಒಂದು ಗುಂಡಿ ಕಣ್ಣಿಗೆ ಬಿತ್ತು. ಗಾಳಿ ಬರಬಹುದೆಂದು ಎಳೆದೆ. ಗಾಳಿ ಬಂದದ್ದೇನೋ ನಿಜ, ಆದರೆ ಅದು ಬಚ್ಚಲೊಲೆಯ ಬಾಯಿಂದ ಬರುವಂಥ ಗಾಳಿ. ಆಗ ಏಪ್ರಿಲ್ ತಿಂಗಳು.

ಆಮೇಲೆ ತಿಳಿದುಕೊಂಡೆ, ಅದಕ್ಕೆ ಹೀಟರು ಎನ್ನುತ್ತಾರಂತೆ. ಎಂಜಿನ್ನಿನಲ್ಲಿ ಕಾದ ನೀರು ರಬ್ಬರು ಕೊಳವೆಯಲ್ಲಿ ಒಳಗೆ ಬಂದು, ಮುಂದಿನ ಸೀಟಿನವರ ಕಾಲ ಹತ್ತಿರ ಇರುವ ಒಂದು ಪುಟ್ಟ ತಾಮ್ರದ ಗೂಡಿನಲ್ಲಿ ಸುತ್ತಾಡಿ, ಇನ್ನೊಂದು ಕೊಳವೆಯಲ್ಲಿ ಹಿಂದಿರುಗುತ್ತದೆ. ಗೂಡಿನ ಬೆನ್ನಿಗೆ ಒಂದು ಫ್ಯಾನು. ಹಿಮ ಬೀಳುವ ಊರಿನಲ್ಲಿ ಇದು ಪರಮ ಸುಖವೇ ಇರಬೇಕು. ಕೋಲಾರದಲ್ಲಿ ಇದು ಇಡೀ ಬಾರ್ ರೂಮಿಗೆ ಒಂದು ತಿಂಗಳ ಮಟ್ಟಿಗೆ ನಗೆಯ ಸಾಮಗ್ರಿಯಾಯಿತು. ನನ್ನ ಸ್ನೇಹಿತ ರಾಮಸ್ವಾಮಿ ಮಾಲೂರಿನವನು. ಅವನು, "ನಮ್ಮೂರಿನ ಹಸಿ ಇಟ್ಟಿಗೆ ಒಂದು ಲೋಡು ತುಂಬಿಸ್ತೀನಿ ಕಣಯ್ಯ, ನೀನು ಮುಳಬಾಗಿಲು ಮುಟ್ಟೋ ಹೊತ್ಗೆ ಸುಟ್ಟು ರೆಡಿಯಾಗಿರ್ತವೆ" ಎಂದ. ಯಲ್ದೂರಿನ ಕಕ್ಷಿಗಾರನೊಬ್ಬ ಪ್ರೀತಿಯಿಂದ ತಂದುಕೊಟ್ಟ ಮಾವಿನಕಾಯಿಯ ಬುಟ್ಟಿ ಎರಡು ದಿನ ಹೀಟರಿನ ಮುಂದೆ ಮರೆತು ಕೂತಿತ್ತು. ಕಾಯಿ ಹಣ್ಣಾಗಲಿಲ್ಲ, ಬೆಂದುಹೋಯಿತು. ನನ್ನ ಹೆಂಡತಿ ಅದರಿಂದ ಗೊಜ್ಜು ಮಾಡಿ ಬಡಿಸುತ್ತಾ, "ಮನೇಲಿ ಬಚ್ಚಲೊಲೆ ಇದೆಯಲ್ಲ, ಇನ್ನೊಂದನ್ನ ಊರೆಲ್ಲ ಹೊತ್ಕೊಂಡು ತಿರುಗ್ಬೇಕೇನೂಂದ್ರೆ?" ಎಂದು ಬಹಳ ಮೃದುವಾಗಿ ಕೇಳಿದಳು. ಗಟ್ಟಿಯಾಗಿ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ನಾನು ಊಟ ಬಿಟ್ಟು ಎದ್ದವನ ಹಾಗೆ ಮುಖ ಮಾಡಿಕೊಂಡು ಕೂತಿದ್ದಾಗ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ನಗೋರು ನಗ್ಲಿ ಬಿಡೋ ನಾಣಿ. ನಂಗೆ ಮೊಣಕಾಲು ನೋವು, ಯಾರಿಗೂ ಹೇಳ್ಕೊಂಡಿರ್ಲಿಲ್ಲ. ಕಾಲಿಗೆ ಶಾಖ ಕೊಟ್ರೆ ಹಿತವಾಗಿರತ್ತೆ. ನಿನ್ನ ಕಾರಿನ ಅಗ್ಗಿಷ್ಟಿಕೆ ದೇವರೇ ಕಳಿಸಿದ ಹಾಗಿದೆ."

ಆ ಒಂದು ಮಾತಿನಿಂದ ನಾನು ಮತ್ತೆ ತಲೆಯೆತ್ತಿ ನಡೆದೆ. ಬಾರ್ ರೂಮಿನಲ್ಲಿ ಯಾರಾದರೂ ನಕ್ಕರೆ, "ವಯಸ್ಸಾದ ತಾಯಿ ಇರುವವರಿಗೆ ಗೊತ್ತು ಅದರ ಬೆಲೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಮುಳಬಾಗಿಲಿನಲ್ಲಿ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಒಬ್ಬರೇ ಇದ್ದರು. ಅವರು ನಡೆಯಲಾರದೆ ಹಾಸಿಗೆ ಹಿಡಿದಿದ್ದರು. ಅಕ್ಕಪಕ್ಕದವರು ಅನ್ನ ನೀರು ನೋಡಿಕೊಳ್ಳುತ್ತಿದ್ದರೂ ದೊಡ್ಡಮ್ಮ ಬಾಯಿತುಂಬ ಮಾತಾಡುತ್ತಿದ್ದುದು ತಂಗಿ ಬಂದಾಗ ಮಾತ್ರ. ಪ್ರತಿ ಭಾನುವಾರ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಗುಂಡಿ ಎಳೆದು, ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ನೇಮವಾಯಿತು. ಅಮ್ಮ ಕುಡಿಯುವುದಕ್ಕೆಂದು ಒಂದು ಹಿತ್ತಾಳೆ ಕೂಜದಲ್ಲಿ ನೀರು ತರುತ್ತಿದ್ದರು. ನಾನು ದಾರಿಯುದ್ದಕ್ಕೂ ಬೆವರುತ್ತಾ, "ಹೇಗಿದೆಯಮ್ಮಾ?" ಎನ್ನುತ್ತಿದ್ದೆ. ಅವರು, "ಹಿತವಾಗಿದೆ ಕಣೋ" ಎನ್ನುತ್ತಿದ್ದರು. ಅವರ ಕಾಲು ಸೀರೆಯ ನೆರಿಗೆಯೊಳಗೆ ಮುಚ್ಚಿರುತ್ತಿತ್ತು. ತಾಯಿಯ ಕಾಲನ್ನು ಮುಟ್ಟಿ ನಮಸ್ಕಾರ ಮಾಡುತ್ತೇವೆಯೇ ಹೊರತು ಹೆಬ್ಬೆರಳು ಮೇಲೆದ್ದಿದೆಯೇ ಎಂದು ಯಾವ ಮಗ ನೋಡುತ್ತಾನೆ?

ಹೀಗಿರುವಾಗ ಒಂದು ಭಾನುವಾರ ಆವನಿ ಬೆಟ್ಟ ಕಾಣಿಸುವ ಹೊತ್ತಿಗೆ ಅಮ್ಮ "ಅಯ್ಯಪ್ಪಾ!" ಎಂದು ಕಾಲು ಮೇಲಕ್ಕೆಳೆದುಕೊಂಡರು. ತಾಮ್ರದ ಗೂಡಿನಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಎಂಜಿನ್ನಿನ ನೀರೆಲ್ಲ ಹೀಗೆ ಕಾಲಿಗೆ ಸುರಿದುಹೋಗಿ ಕಾರು ಹೊಗೆಯಾಡುತ್ತಾ ನಿಂತಿತು. ಕೂಜದ ನೀರನ್ನು ಹೊಯ್ದು ಹೇಗೋ ಮನೆ ಸೇರಿದೆವು. ಅಮ್ಮ, "ಅದನ್ನ ಕಿತ್ತುಹಾಕ್ಬಿಡೋ ನಾಣಿ, ನಂಗೆ ಬೇಡ. ನಾನು ಹೇಗೋ ಇರ್ತೀನಿ" ಎಂದರು. ಮಗನಿಗೆ ತೊಂದರೆಯಾಗಬಾರದೆಂದು ಮೊಣಕಾಲು ನೋವನ್ನು ನುಂಗಿಕೊಳ್ಳಲು ಹೊರಟಿದ್ದಾಳಲ್ಲ ಈ ತಾಯಿ! ಹೀಟರನ್ನು ಸರಿಮಾಡಿಸದೆ ಬಿಡುವುದಿಲ್ಲವೆಂದು ಅಲ್ಲೇ ಶಪಥ ಮಾಡಿದೆ. ಅಮ್ಮ ಎರಡನೆಯ ಸಲ "ನಿಜವಾಗ್ಲೂ ಬೇಡ ಕಣೋ" ಎಂದಾಗ ನನ್ನ ಶಪಥ ಇನ್ನೂ ಗಟ್ಟಿಯಾಯಿತು.

ಮೊದಲು ನನ್ನ ಗುಮಾಸ್ತರ ಸಲಹೆಯಂತೆ ರೇಡಿಯೇಟರಿಗೆ ಎರಡು ಹಿಡಿ ರಾಗಿಹಿಟ್ಟು ಹಾಕಿದೆ. ಹಿಟ್ಟು ಹೋಗಿ ತೂತನ್ನು ಮುಚ್ಚುತ್ತದೆಂದೂ, ಬಸ್ಸಿನವರೆಲ್ಲ ಹಾಗೇ ಮಾಡುವುದೆಂದೂ ಅವರು ಹೇಳಿದ್ದರು. ಬಸ್ಸಿನವರು ಎಷ್ಟು ಹಾಕುತ್ತಾರೋ ನಾನು ಕೇಳಲಿಲ್ಲ. ಕ್ಲಾಕ್ ಟವರ್ ದಾಟುವಷ್ಟರಲ್ಲಿ ಕಾರಿನ ತುಂಬ ಘಮಘಮ ವಾಸನೆ ಬಂತು. ಕಾರನ್ನು ಹಾಗೇ ಬಾಷಾ ಸಾಬರ ಷೆಡ್ಡಿಗೆ ಓಡಿಸಿದೆ. ಬಾಷಾ ಸಾಬರದು ತಲೆತಲಾಂತರದಿಂದ ಪಾತ್ರೆಗೆ ಕಲಾಯಿ ಹಾಕುವ ಮನೆತನ. ಊರಿಗೆ ಮೋಟಾರುಗಳು ಬಂದ ಮೇಲೆ ಅವರು ಮೆಕ್ಯಾನಿಕ್ಕಾಗಿದ್ದರು, ಆದರೆ ಎಂಜಿನ್ನನ್ನೂ ಹಂಡೆ ತಟ್ಟಿದ ಹಾಗೆಯೇ ಒಮ್ಮೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಗೂಡನ್ನು ಬಿಚ್ಚಿ, ಮೂಸಿ ನೋಡಿ, ನನ್ನನ್ನು ಕನಿಕರದಿಂದ ದಿಟ್ಟಿಸಿದರು.

"ಲಾಯರ್ ಸಾಬ್, ಇದ್ರಾಗೆ ಅಂಬಲಿ ಕಾಯ್ಸಿದ್ದೀರಾ?"

ಗೂಡು ಪೂರ್ತಿ ಕಟ್ಟಿಕೊಂಡು ಹೋಗಿತ್ತು, ಬೆಸುಗೆಯೂ ಬಿಟ್ಟಿತ್ತು. ಬಾಷಾ ಸಾಬರು, "ಎರಡು ಪೈಪೂ ಒಂದಕ್ಕೊಂದು ಸೇರಿಸ್ಬಿಡ್ತೀನಿ, ನೀರು ಒಳಗೆ ಬರೋದೇ ಬೇಡ. ಐದು ನಿಮಿಷದ ಕೆಲಸ. ನಮ್ಮೂರಿಗೆ ಇದ್ಯಾಕೆ ಸ್ವಾಮಿ?" ಎಂದರು. ನಾನು ಅಮ್ಮನ ಮೊಣಕಾಲಿನ ಕಥೆ ಹೇಳಿದೆ. ಕೋರ್ಟಿನಲ್ಲಿ ಕೂಡ ಅಷ್ಟು ಚೆನ್ನಾಗಿ ವಾದಿಸಿದ ನೆನಪಿಲ್ಲ. ಬಾಷಾ ಸಾಬರ ಕಣ್ಣು ಒದ್ದೆಯಾಯಿತು. "ಅಮ್ಮಾಜಾನ್‌ಗೆ ಅಂದ್ರೆ ನಾನೇ ಹೊಸದು ಕಟ್ಟಿಕೊಡ್ತೀನಿ" ಎಂದರು. ಮದರಾಸಿನ ಅಂಗಡಿಗಳಿಗೂ ಬರೆದು ಕೇಳಿದೆ, ಆ ಸಾಮಾನು ಸಿಗುವುದಿಲ್ಲವೆಂದು ಕಾಗದ ಬಂತು.

ಹೊಸ ಗೂಡು ತಯಾರಾಗುವುದಕ್ಕೆ ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಪೈಪುಗಳನ್ನು ಒಂದಕ್ಕೊಂದು ಸೇರಿಸಿಕೊಂಡೇ ಮುಳಬಾಗಿಲಿಗೆ ಹೋಗಿಬಂದೆವು. ಆ ಮೂರು ವಾರವೂ ಅಮ್ಮ ದಾರಿಯುದ್ದಕ್ಕೂ ಹರಟಿದ್ದೇ ಹರಟಿದ್ದು. ತಾನು ಚಿಕ್ಕವಳಿದ್ದಾಗ ಅಕ್ಕನ ಜೊತೆ ಕುಂಟೆಬಿಲ್ಲೆ ಆಡಿದ್ದನ್ನು ಹೇಳಿದರು, ದೇವರನಾಮ ಹಾಡಿದರು, ಒಂದು ಸಲವಂತೂ ಹಾರನ್ನು ತಾವೇ ಒತ್ತಿ ನೋಡಿದರು. ನೋವನ್ನು ಮರೆಯುವುದಕ್ಕೆ ಎಷ್ಟು ಒದ್ದಾಡುತ್ತಿದ್ದಾರೆಂದು ನಾನು ಒಳಗೊಳಗೇ ಸಂಕಟಪಟ್ಟೆ.

ಬಾಷಾ ಸಾಬರ ಗೂಡು ಬಂತು. ಶುದ್ಧ ತಾಮ್ರದ ಕೊಳವೆಯನ್ನು ಹನ್ನೆರಡು ಸುತ್ತು ಸುತ್ತಿ, ಕಲಾಯಿ ಹಾಕಿ ಬೆಳ್ಳಿಯಂತೆ ಹೊಳೆಯಿಸಿದ್ದರು. ದೊರೆಯ ಗೂಡಿಗಿಂತ ಅದು ಎರಡರಷ್ಟು ದೊಡ್ಡದು. ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಹಿತ್ತಾಳೆ ನಲ್ಲಿಯನ್ನೂ ಕೂರಿಸಿ, "ಯಾವಾಗಾದ್ರೂ ಬಿಸಿ ಬೇಡ ಅನ್ಸಿದ್ರೆ ಇದನ್ನ ತಿರುಗಿಸ್ಬಿಡಿ" ಎಂದರು. ಯಾಕೆ ಬೇಡವೆನ್ನಿಸುತ್ತದೆ ಎಂದು ನಾನು ನಕ್ಕೆ. ಆ ಭಾನುವಾರ ಗುಂಡಿ ಎಳೆದೆ. ಕಾರಿನೊಳಗೆ ಕುಂಬಾರನ ಆವಿಗೆ ಹೊತ್ತಿಕೊಂಡ ಹಾಗಾಯಿತು. ಅಮ್ಮನ ಕಣ್ಣಲ್ಲಿ ನೀರು ಬಂತು. "ಹೇಗಿದೆಯಮ್ಮಾ?" ಎಂದೆ. "ಏನು ಹೇಳ್ಲೋ ನಾಣಿ" ಎಂದರು. ನನಗೂ ಕಣ್ಣಲ್ಲಿ ನೀರು ಬಂತು.

ಊರಿಗೆ ಬಂದು ನೋಡಿದರೆ ಅಮ್ಮ ಕೂರುವ ಕಡೆ ನೆಲವೆಲ್ಲ ಒದ್ದೆ! ಹೊಸ ಗೂಡೂ ಸೋರುತ್ತಿದೆಯೆಂದು ಬಾಷಾ ಸಾಬರ ಹತ್ತಿರ ಹೋದೆ. ಅವರು ಬಿಚ್ಚಿ, ಊದಿ, ನೀರಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಮುಂದಿನ ವಾರ ಮತ್ತೆ ಒದ್ದೆ. ಮತ್ತೆ ಹೋದೆ. ಮೂರನೆಯ ಸಲ ಬಾಷಾ ಸಾಬರು ಎದ್ದು ನಿಂತು, "ನಮ್ಮಜ್ಜನ ಕಾಲದಿಂದ ಈ ಕೈ ಮುಟ್ಟಿದ ಬೆಸುಗೆ ಸೋರಿಲ್ಲ. ನೀರು ಬೇರೆ ಎಲ್ಲಿಂದಾನೋ ಬರ್ತಾ ಇದೆ. ಲಾಯರು ನೀವು, ನೀವೇ ಹಿಡೀರಿ" ಎಂದು ಮುಖ ತಿರುಗಿಸಿದರು. ಅಷ್ಟರಲ್ಲಿ ಅಮ್ಮ ಮುಳಬಾಗಿಲಿಗೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಒಂದು ವಾರ ತಲೆನೋವು, ಇನ್ನೊಂದು ವಾರ ಏಕಾದಶಿ, ಮತ್ತೊಂದು ವಾರ ಹಪ್ಪಳ ಒಣಗಿಸುವ ಕೆಲಸ. ಒಂದು ತಿಂಗಳಾಯಿತು. ನನಗೆ ಕಾರಣ ತಿಳಿಯಲಿಲ್ಲ.

ಕೇಸಿನ ಮೇಲೆ ಮುಳಬಾಗಿಲಿಗೆ ಹೋದವನು ದೊಡ್ಡಮ್ಮನ ಮನೆಗೆ ಹೋದೆ. ಹಾಸಿಗೆಯ ಪಕ್ಕದಲ್ಲಿ ಒಂದು ಡಬ್ಬಿ ಕೋಡುಬಳೆ ಇತ್ತು. ತಂಗಿಗೆಂದು ಮಾಡಿಸಿಟ್ಟದ್ದು, ನಾಲ್ಕು ವಾರಕ್ಕೆ ಮೆತ್ತಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಅವರು ನನ್ನ ಹಿಂದಿನ ಬಾಗಿಲನ್ನು ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಏರಾ ನಾಣಿ, ನಿಮ್ಮಮ್ಮ ಬರ್ಲಿಲ್ವಾ?"

"ಏನು ಮಾಡೋದು ದೊಡ್ಡಮ್ಮ, ಮೊಣಕಾಲು ನೋವು ಜಾಸ್ತಿಯಾಗಿರಬೇಕು" ಎಂದೆ.

ದೊಡ್ಡಮ್ಮ ದಿಂಬಿನಿಂದ ತಲೆಯೆತ್ತಿದರು. "ಯಾರ ಮೊಣಕಾಲು? ಅವಳದಾ? ಅಯ್ಯೋ ಪಿಚ್ಚೋಡಾ, ಹುಚ್ಚಪ್ಪಾ, ಮೊಣಕಾಲು ನೋವು ನಂದು ಕಣೋ! ಅವಳು ಈಗ್ಲೂ ಗಿಡ ಹತ್ತಿ ನುಗ್ಗೆಕಾಯಿ ಕೀಳ್ತಾಳೆ. ಊರೆಲ್ಲ ನಿನ್ನ ನೋಡಿ ನಗ್ತಾರೆ, ಮಗ ಸಣ್ಣ ಮುಖ ಮಾಡ್ಕೊಂಡ ಅಂತ ನನ್ನ ನೋವನ್ನ ತಂದು ತನ್ನ ಕಾಲಿಗೆ ಅಂಟಿಸ್ಕೊಂಡಿದ್ದಾಳೆ. ನೀನು ಆ ಬೆಂಕಿ ಪೆಟ್ಟಿಗೆ ಮುಂದೆ ಕೂರಿಸ್ತೀಯ, ಅವಳು ನೀನು ಆ ಕಡೆ ನೋಡ್ದಾಗ ಕೂಜದ ನೀರು ಕಾಲಿಗೆ ಸುರ್ಕೋತಾಳೆ. ಹೋದ್ಸಲ ಬಂದಾಗ ಅಂಗಾಲು ಕೆಂಪಗಾಗಿತ್ತು, ನಾನೇ ಬೆಣ್ಣೆ ಹಚ್ಚಿ ಕಳಿಸಿದೆ. ನಾನು ಹೇಳ್ದೆ ಅಂತ ಬಾಯಿಬಿಟ್ಟೀಯ ಮತ್ತೆ, ನನ್ನ ಮೇಲೆ ಆಣೆ ಇದೆ."

ನಾನು ಮೆತ್ತಗಾದ ಕೋಡುಬಳೆಯೊಂದನ್ನು ಬಾಯಿಗೆ ಹಾಕಿಕೊಂಡೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ವಾರವಾರವೂ ನನ್ನ ತಾಯಿಯ ಕಾಲು ಸುಟ್ಟು, ಹಿತವಾಗಿದೆಯೇ ಎಂದು ಬೇರೆ ಕೇಳುತ್ತಿದ್ದೆನಲ್ಲ! ವಾಪಸು ಬರುವ ದಾರಿಯಲ್ಲಿ ಅಮ್ಮನೆದುರು ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕೆಂದು ಹತ್ತು ಸಲ ಯೋಚಿಸಿದೆ. ಆದರೆ ಒಂದು ವರ್ಷ ನನಗೋಸ್ಕರ ಹೇಳಿಕೊಂಡು ಬಂದ ಮಾತನ್ನು ನಾನೇ ಸುಳ್ಳೆಂದು ಎತ್ತಿ ತೋರಿಸಿದರೆ ಆಕೆಯ ಮುಖ ಹೇಗಾಗಬಹುದು? ಯಾವ ಸಾಕ್ಷಿಯ ಮೇಲೂ ನನಗೆ ಅಷ್ಟು ಮರುಕ ಬಂದಿರಲಿಲ್ಲ.

ಭಾನುವಾರ ಅಮ್ಮನಿಗೆ, "ದೊಡ್ಡಮ್ಮ ದಿನಾ ಬಾಗಿಲು ನೋಡ್ತಿದ್ದಾರೆ" ಎಂದಷ್ಟೇ ಹೇಳಿದೆ. ಅಮ್ಮ ಕೂಜಕ್ಕೆ ನೀರು ತುಂಬಿಕೊಂಡು ಹೊರಟರು. ಅವರು ಬರುವ ಮೊದಲೇ ನಾನು ಬಾನೆಟ್ಟು ತೆಗೆದು ಹಿತ್ತಾಳೆ ನಲ್ಲಿಯನ್ನು ತಿರುಗಿಸಿಟ್ಟಿದ್ದೆ. ಕಾರು ಹೊರಟ ಮೇಲೆ ಎಂದಿನಂತೆ ಗುಂಡಿ ಎಳೆದೆ. ಫ್ಯಾನು ಸದ್ದು ಮಾಡಿತು, ತಣ್ಣನೆ ಗಾಳಿ ಬಂತು. ಆವನಿ ಬೆಟ್ಟ ಕಾಣಿಸುವವರೆಗೂ ಅಮ್ಮ ಕೂಜದ ಮುಚ್ಚಳವನ್ನು ಒಮ್ಮೆಯೂ ತೆಗೆಯಲಿಲ್ಲ.

ಕೊನೆಗೆ ಅಮ್ಮ ನನ್ನ ಕಡೆ ತಿರುಗಿ, "ಇವತ್ತು ಶಾಖ ಎಂದಿಗಿಂತ ಹಿತವಾಗಿದೆ ಕಣೋ ನಾಣಿ. ಸಾಬರ ಕೈಗುಣವೇ ಕೈಗುಣ" ಎಂದರು. ಅಂದು ಮೊದಲ ಸಲ ನಾನು ಓರೆಗಣ್ಣಿನಿಂದ ಅವರ ಕಾಲು ನೋಡಿದೆ. ನೆರಿಗೆಯಿಂದ ಹೊರಗೆ ಬಂದಿದ್ದ ಬಲಗಾಲಿನ ಹೆಬ್ಬೆರಳು, ಶ್ರೀನಿವಾಸಪುರದ ಯಾವ ಸಾಕ್ಷಿಗೂ ಕಡಿಮೆಯಿಲ್ಲದಂತೆ, ನೆಟ್ಟಗೆ ಮೇಲೆದ್ದಿತ್ತು. ಅವರಿಗೆ ನಲ್ಲಿಯ ವಿಷಯ ಗೊತ್ತಿತ್ತೇ? ಒಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ನಾನು ಹಣೆಯ ಮೇಲಿಲ್ಲದ ಬೆವರನ್ನು ಒರೆಸಿಕೊಳ್ಳುತ್ತಾ, "ಹೌದಮ್ಮ, ನನಗಂತೂ ಸೆಕೆ ತಡೆಯೋಕಾಗ್ತಿಲ್ಲ" ಎಂದೆ.

ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು.

"ಯಾಕೋ, ಮತ್ತೇನಾಯ್ತೋ?" ಎಂದು ಅಮ್ಮ ಗಾಬರಿಯಿಂದ ಕೇಳಿದರು. ನಾನು ಕೆಳಗೆ ನೋಡಿದೆ. ಆಕ್ಸಿಲರೇಟರಿನ ಮೇಲಿದ್ದ ನನ್ನ ಕಾಲು, ಹೆಬ್ಬೆರಳಿನ ಸಮೇತ, ಮೇಲೆದ್ದಿತ್ತು.