ಗುಡಾಣದ ಕುಸ್ಕುಸ್ ಮತ್ತು ಹಮ್ಮಾದಿಯ ಅಯಸ್ಕಾಂತ

ನಾಬುಲ್ ಪಟ್ಟಣದ ಹಮ್ಮಾದಿ ಮೂವತ್ತೆಂಟು ವರ್ಷ ರೇಡಿಯೊ, ಧ್ವನಿವರ್ಧಕಗಳನ್ನು ರಿಪೇರಿ ಮಾಡಿದ್ದು ತಪ್ಪಲ್ಲ. ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿ ಕೂತದ್ದು ತಪ್ಪಾಯಿತು. ಕೆಲಸವಿಲ್ಲದೆ ಕೂತ ಮೆಕ್ಯಾನಿಕ್‌ಗೆ ಕಣ್ಣಿಗೆ ಬಿದ್ದದ್ದೆಲ್ಲ ರಿಪೇರಿಗೆ ಬಂದಂತೆ ಕಾಣುತ್ತದೆ. ಮೊದಲ ತಿಂಗಳು ಬಾಗಿಲ ಚಿಲಕ, ಎರಡನೆಯ ತಿಂಗಳು ನಲ್ಲಿ, ಮೂರನೆಯ ತಿಂಗಳು ಅತ್ತೆ ಲಲ್ಲಾ ಬೆಯ್ಯಾರ ಹಲ್ಲಿನ ಸೆಟ್ಟು. (ಅದನ್ನು ಆಮೇಲೆ ದಂತವೈದ್ಯರು ಮತ್ತೆ ರಿಪೇರಿ ಮಾಡಬೇಕಾಯಿತು.) ಆಗಸ್ಟ್ ಬರುವ ಹೊತ್ತಿಗೆ ಮನೆಯಲ್ಲಿ ಕೆಡದೆ ಉಳಿದದ್ದು ಊಟ ಒಂದೇ.

ಅದಕ್ಕೂ ಒಂದು ಶುಕ್ರವಾರ ಮುಹೂರ್ತ ಬಂತು. ದೊಡ್ಡ ಬೋಗುಣಿಯ ಸುತ್ತ ಕೂತು ಎಲ್ಲರೂ ಗೋಧಿರವೆಯ ಸಣ್ಣ ಕಾಳು ಮಾಡಿ ಹಬೆಯಲ್ಲಿ ಬೇಯಿಸಿದ ಕುಸ್ಕುಸ್ ತಿನ್ನುತ್ತಿದ್ದಾಗ, ಎದುರು ದಿಕ್ಕಿನಲ್ಲಿದ್ದ ಮಾಂಸದ ತುಂಡಿಗೆ ಹಮ್ಮಾದಿ ಬಗ್ಗಿದ. ಬಗ್ಗಿದ ರಭಸಕ್ಕೆ ಅಂಗಿಯ ಜೇಬಿನಿಂದ ಒಂದು ಅಯಸ್ಕಾಂತ ಬೋಗುಣಿಗೆ ಬಿತ್ತು. ಹಳೆಯ ಕಂಪ್ಯೂಟರುಗಳ ಹೊಟ್ಟೆ ಸೀಳಿ ತೆಗೆದ ಬಿಲ್ಲೆ ಅದು. ಬೆರಳಿನಷ್ಟಿದ್ದರೂ ಸುತ್ತಿಗೆಯನ್ನು ಎತ್ತುವಂಥದ್ದು. ತೆಗೆದು ನೋಡಿದರೆ ಅದಕ್ಕೆ ಸಣ್ಣ ಕಪ್ಪು ಗಡ್ಡ ಬೆಳೆದಿತ್ತು.

"ಕಬ್ಬಿಣ," ಎಂದ ಹಮ್ಮಾದಿ ನ್ಯಾಯಾಧೀಶರ ಧ್ವನಿಯಲ್ಲಿ. "ಜೀಲಾನಿಯ ಗಿರಣಿ ಸವೆದು ರವೆಗೆ ಸೇರ್ತಿದೆ. ಇಷ್ಟು ವರ್ಷ ನಾವು ಅವನ ಗಿರಣೀನೇ ತಿಂತಾ ಇದ್ದೀವಿ."

"ಮೆಣಸಿನ ಚೂರಿರಬೇಕು. ಸುಮ್ನೆ ತಿನ್ನಿ," ಎಂದಳು ಹೆಂಡತಿ ಜಲೀಲಾ.

"ಮೆಣಸು ಅಯಸ್ಕಾಂತಕ್ಕೆ ಅಂಟುತ್ತೇನೇ?"

"ನಿಮ್ಮ ಜೇಬಿನ ಅಯಸ್ಕಾಂತ ಅಲ್ವಾ, ಯಾವುದಕ್ಕೆ ಬೇಕಾದ್ರೂ ಅಂಟುತ್ತೆ."

ಲಲ್ಲಾ ಬೆಯ್ಯಾ ಮಾತ್ರ ಆ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹತ್ತು ವರ್ಷದಿಂದ ಯಾವ ಡಾಕ್ಟರಿಗೂ ತಿಳಿಯದೇ ಹೋದದ್ದು ಈಗ ತಿಳಿಯಿತೆಂದರು: ಕಬ್ಬಿಣ ಮೈಯೆಲ್ಲ ಇಳಿದು ಮಂಡಿಯಲ್ಲಿ ಕೂತಿದೆ, ಅದಕ್ಕೇ ಮೆಟ್ಟಿಲು ಹತ್ತಲಾಗುವುದಿಲ್ಲ. ಹಮ್ಮಾದಿಗೆ ಮದುವೆಯಾದಾಗಿನಿಂದ ಅತ್ತೆ ತನ್ನ ಪಕ್ಷ ವಹಿಸಿದ್ದು ಇದೇ ಮೊದಲು. ಅವನ ಕಣ್ಣಲ್ಲಿ ನೀರೇ ಬಂತು.

ಅಂದು ಸಂಜೆ ಕಾಫಿ ಅಂಗಡಿಯಲ್ಲಿ ಅವನು ವಿಷಯವನ್ನು ಒಬ್ಬನಿಗೆ ಗುಟ್ಟಾಗಿ ಹೇಳಿದ, ಇಡೀ ಅಂಗಡಿಗೆ ಕೇಳಿಸುವಷ್ಟು ಗುಟ್ಟಾಗಿ. ಮರುದಿನದಿಂದ ಬೀದಿಯ ಹೆಂಗಸರು ಜೀಲಾನಿಯ ಗಿರಣಿಗೆ ಹೋಗುವುದನ್ನು ಬಿಟ್ಟರು. ಅದೂ ಎಂಥ ಕಾಲ? ವರ್ಷದ ಗೋಧಿ, ವರ್ಷದ ಮೆಣಸಿನಕಾಯಿ ಎಲ್ಲ ಒಣಗಿಸಿ, ಬೀಸಿಸಿ, ಕುಸ್ಕುಸ್ ತಿಕ್ಕಿ ಗುಡಾಣ ತುಂಬುವ ಕಾಲ. ಮೆಣಸಿನ ಸರಗಳು ಪ್ರತಿ ಗೋಡೆಯ ಮೇಲೂ ತೂಗುತ್ತಿದ್ದವು. ಜೀಲಾನಿ ಒಬ್ಬನೇ ಗಿರಣಿಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಬೀದಿ ನೋಡುತ್ತಿದ್ದ.

ಇಲ್ಲಿ ಹಮ್ಮಾದಿಯ ಒಂದು ಗುಟ್ಟನ್ನು ಓದುಗರಿಗೆ ಹೇಳಿಬಿಡಬೇಕು. (ಇದನ್ನು ಅವನು ಕಾಫಿ ಅಂಗಡಿಯಲ್ಲಿ ಹೇಳಿರಲಿಲ್ಲ.) ಮೂವತ್ತೊಂದು ವರ್ಷದ ಹಿಂದೆ ಮದುವೆಗೆ ಅವನು ಜಲೀಲಾಗೆ ಕೊಟ್ಟ ದಪ್ಪ ಕಡಗ ಚಿನ್ನದ್ದಲ್ಲ, ಚಿನ್ನದ ನೀರು ಹತ್ತಿಸಿದ ಕಬ್ಬಿಣ. ಆಗ ಕೈಯಲ್ಲಿ ಅಷ್ಟೇ ಇತ್ತು. ಮುಂದಿನ ವರ್ಷ ಅಸಲಿ ಮಾಡಿಸಿ ಗುಟ್ಟಾಗಿ ಬದಲಾಯಿಸಿಬಿಡೋಣ ಅಂದುಕೊಂಡ. ಮುಂದಿನ ವರ್ಷ ಹುಟ್ಟಿದ್ದು ಮಗಳು, ಅದರ ಮುಂದಿನ ವರ್ಷ ಸೋರಿದ್ದು ಮಾಳಿಗೆ, ಹೀಗೆ ಮೂವತ್ತೊಂದು ಮುಂದಿನ ವರ್ಷಗಳು ಬಂದು ಹೋದವು. ಅವನ ಪುಣ್ಯಕ್ಕೆ ಜಲೀಲಾ ಕೆಲವು ತಿಂಗಳಲ್ಲೇ, ಇಷ್ಟು ಬೆಲೆಬಾಳುವುದನ್ನು ದಿನಾ ಹಾಕಬಾರದು ಎಂದು ಎತ್ತಿಟ್ಟುಬಿಟ್ಟಳು. ಎಲ್ಲಿಟ್ಟಳೋ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಚಿನ್ನ ಎಲ್ಲಿಡುತ್ತಾಳೆಂದು ನಾಬುಲ್‌ನಲ್ಲಿ ಯಾವ ಗಂಡನೂ ಕೇಳುವುದಿಲ್ಲ. ನಿಜ ತಿಳಿದರೆ ಅವಳು ತವರಿಗೆ ಹೋಗಿಬಿಡುತ್ತಾಳೆಂಬ ಭಯ ಅವನಿಗಿತ್ತು. ತವರಿನವರು, ಅಂದರೆ ಲಲ್ಲಾ ಬೆಯ್ಯಾ, ಈಗ ಇವನ ಮನೆಯಲ್ಲೇ ಇದ್ದುದರಿಂದ, ಹೋಗಬೇಕಾದವನು ತಾನೇ ಎಂಬ ಭಯ ಈಚೆಗೆ ಅದಕ್ಕೆ ಸೇರಿಕೊಂಡಿತ್ತು.

ಇರಲಿ. ಈಗ ಯಂತ್ರದ ವಿಷಯ.

ಆಹಾರದಿಂದ ಕಬ್ಬಿಣವನ್ನು ಬೇರ್ಪಡಿಸುವ ಮಹಾಯಂತ್ರವನ್ನು ಹಮ್ಮಾದಿ ಅಂಗಳದಲ್ಲಿ ಕಟ್ಟತೊಡಗಿದ. ಓರೆಯಾಗಿ ನಿಲ್ಲಿಸಿದ ಹಲಗೆ, ಅದರ ಮೇಲೆ ತಗಡು, ತಗಡಿನ ಕೆಳಗೆ ಸಾಲಾಗಿ ಅಯಸ್ಕಾಂತ. ಮೇಲಿಂದ ಸುರಿದ ಪುಡಿ ಜಾರಿ ಕೆಳಗಿನ ಪಾತ್ರೆಗೆ ಬೀಳಬೇಕು, ಕಬ್ಬಿಣ ಮಾತ್ರ ತಗಡಿನ ಮೇಲೆ ನಿಲ್ಲಬೇಕು. ಮೊದಲ ದಿನ ಅವನು ಕಬ್ಬಿಣದ ತಗಡನ್ನೇ ಹಾಸಿದ. ಅಯಸ್ಕಾಂತಗಳ ಬಲವನ್ನೆಲ್ಲ ತಗಡೇ ನುಂಗಿತು; ಮೇಲೆ ಹಾಕಿದ ಗುಂಡುಸೂಜಿ ಹಾಯಾಗಿ ಜಾರಿಹೋಯಿತು. ಎರಡನೆಯ ದಿನ ಜಲೀಲಾಳ ಅತಿ ದೊಡ್ಡ ಅಲ್ಯೂಮಿನಿಯಂ ತಟ್ಟೆ ಕಾಣೆಯಾಯಿತು. ಕತ್ತರಿಸಿದ ತಟ್ಟೆ ಯಂತ್ರದ ಮೇಲೆ ಸಿಕ್ಕಾಗ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಪುಡಿ ಅಂಟಿಕೊಳ್ಳದೆ ಜಾರಲೆಂದು ಅಲುಗಾಡಿಸಲು ತನ್ನ ಕರೆಂಟಿನ ಗಡ್ಡ ಹೆರೆಯುವ ಮಷೀನನ್ನು ಹಲಗೆಗೆ ಕಟ್ಟಿದ. ಆಮೇಲಿಂದ ಅಯಸ್ಕಾಂತದ ಹಾಗೆ ಅವನಿಗೂ ಗಡ್ಡ ಬೆಳೆಯಿತು.

ಪ್ರಯೋಗಕ್ಕೆ ಹಿಂದೆ ಜೀಲಾನಿಯ ಗಿರಣಿಯಲ್ಲೇ ಬೀಸಿಸಿ ತಂದಿದ್ದ ಮೂರು ಕಿಲೋ ಮೆಣಸಿನಪುಡಿ ಸುರಿದರು. ಮನೆಯವರೆಲ್ಲ ಅರ್ಧ ಗಂಟೆ ಸೀನಿದರು, ಆದರೆ ಕಬ್ಬಿಣದ ಒಂದು ಚೂರೂ ಸಿಗಲಿಲ್ಲ. ಬೇರೆಯವನಾಗಿದ್ದರೆ ಗಿರಣಿಯಲ್ಲಿ ದೋಷವಿಲ್ಲ ಎಂದುಕೊಳ್ಳುತ್ತಿದ್ದ. ಹಮ್ಮಾದಿ, ಅಯಸ್ಕಾಂತದ ಬಲ ಸಾಲದು ಎಂದುಕೊಂಡ. ಹಳೆಯ ಧ್ವನಿವರ್ಧಕಗಳ ರೊಟ್ಟಿಯಷ್ಟಗಲದ ಅಯಸ್ಕಾಂತಗಳನ್ನೂ ತಂದು, ಒಂದರ ಉತ್ತರ ಮೇಲೆ, ಪಕ್ಕದ್ದರ ದಕ್ಷಿಣ ಮೇಲೆ ಎಂದು ಜೋಡಿಸಿದ. ಜೋಡಿಸುವಾಗ ಎರಡು ಬೆರಳು ಜಜ್ಜಿದವು, ಕೈಗಡಿಯಾರ ನಿಂತಿತು. ಅಲ್ಲೇ ಹಾದುಹೋಗುತ್ತಿದ್ದ ಬೆಕ್ಕು, ಕೊರಳಿನ ಗೆಜ್ಜೆಯ ಸಮೇತ ತಟ್ಟೆಗೆ ಅಂಟಿಕೊಂಡು ಹದಿನೈದು ನಿಮಿಷ ಪ್ರಪಂಚವನ್ನೇ ಬೈಯಿತು. ಹಮ್ಮಾದಿಗೆ ತೃಪ್ತಿಯಾಯಿತು.

ಭಾನುವಾರ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಪ್ರದರ್ಶನಕ್ಕೆ ಬಂದರು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಕಟುಕ ಶಾದ್ಲಿಯ ಹೆಂಡತಿ ಝಕಿಯಾ ಇದ್ದಳು. ಮತ್ತೆ ಮೆಣಸಿನಪುಡಿ ಸುರಿದರು, ಮತ್ತೆ ಏನೂ ಸಿಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

"ಕಬ್ಬಿಣ ಸಿಕ್ಕಿದ್ದು ಕುಸ್ಕುಸ್‌ನಲ್ಲಿ ತಾನೇ ಅಳಿಯಂದ್ರೇ?" ಎಂದರು ಲಲ್ಲಾ ಬೆಯ್ಯಾ. "ಗುಡಾಣನೇ ತಂದು ಸುರೀರಿ."

ಜಲೀಲಾ ಹೋಗಿ ಗುಡಾಣದ ಮುಚ್ಚಳದ ಮೇಲೆ ಕೂತುಬಿಟ್ಟಳು. "ಈ ಗುಡಾಣ ಮುಟ್ಬೇಡಿ. ಬೇರೆ ಏನು ಬೇಕಾದ್ರೂ ಸುರ್ಕೊಳ್ಳಿ."

"ಯಾಕೆ? ನನ್ನ ಯಂತ್ರದ ಮೇಲೆ ನಂಬಿಕೆ ಇಲ್ವಾ?"

"ರೀ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಬೇಡ."

ಹೆಂಡತಿ ಬೇಡ ಅಂದದ್ದೇ ಹಮ್ಮಾದಿಯ ಛಲಕ್ಕೆ ತುಪ್ಪ ಸುರಿದಂತಾಯಿತು. ವಿಜ್ಞಾನಕ್ಕೆ ಎಲ್ಲ ಕಾಲದಲ್ಲೂ ಇಂಥ ಅಡ್ಡಿ ಬಂದೇ ಇದೆ ಎಂದು ಒಂದು ಸಣ್ಣ ಭಾಷಣ ಮಾಡಿದ. ಕೊನೆಗೆ ಲಲ್ಲಾ ಬೆಯ್ಯಾ, ಹೆತ್ತವಳು ಹೇಳುತ್ತಿದ್ದೇನೆ ಏಳು ಎಂದ ಮೇಲೆ ಜಲೀಲಾ ಎದ್ದಳು. ಏಳುವಾಗ ಗಂಡನನ್ನು ಒಮ್ಮೆ ಅಯ್ಯೋ ಪಾಪ ಎಂಬಂತೆ ನೋಡಿದಳು. ಹಮ್ಮಾದಿ ಅದನ್ನು ಸೋಲೊಪ್ಪಿಕೊಂಡ ನೋಟ ಅಂದುಕೊಂಡ.

ಇಬ್ಬರು ಹೆಂಗಸರು ಗುಡಾಣ ಎತ್ತಿ ಬಗ್ಗಿಸಿದರು. ಕುಸ್ಕುಸ್ ಸುಯ್ಯೆಂದು ಜಾರಿತು. ಒಂದು ಸಣ್ಣ ಬಟ್ಟೆಯ ಗಂಟು ಉರುಳಿ ಬಂದು ಬಿಚ್ಚಿಕೊಂಡಿತು. ಅದರೊಳಗಿಂದ ಹೊಂಬಣ್ಣದ ದಪ್ಪ ಕಡಗವೊಂದು ಹೊರಬಂದು ತಟ್ಟೆಯ ನಟ್ಟನಡುವೆ ಟಣ್ ಎಂದು ಅಂಟಿ ನಿಂತಿತು.

ಅಂಗಳದಲ್ಲಿ ಗಡ್ಡ ಹೆರೆಯುವ ಮಷೀನಿನ ಸದ್ದೊಂದೇ ಕೇಳುತ್ತಿತ್ತು.

"ಅದು ಮದುವೆ ಕಡಗ ಅಲ್ವಾ?" ಎಂದಳು ಝಕಿಯಾ. "ಚಿನ್ನ ಅಯಸ್ಕಾಂತಕ್ಕೆ ಅಂಟುತ್ತಾ?"

ಹಮ್ಮಾದಿಗೆ ಮೂವತ್ತೊಂದು ವರ್ಷದ ಬೆವರು ಒಟ್ಟಿಗೆ ಕಿತ್ತುಕೊಂಡು ಬಂತು. ಆಪತ್ತಿನಲ್ಲಿ ಮನುಷ್ಯನ ನಾಲಗೆಗೆ ತಲೆಯ ಅಪ್ಪಣೆ ಬೇಕಾಗುವುದಿಲ್ಲ. "ಇದು ಸಾಮಾನ್ಯ ಅಯಸ್ಕಾಂತ ಅಲ್ಲಮ್ಮ," ಎಂದುಬಿಟ್ಟ. "ಬಹಳ ಬಲ ಇದಕ್ಕೆ. ಚಿನ್ನ ಅಪ್ಪಟ ಆಗಿದ್ರೆ ಅದನ್ನೂ ಎಳ್ಕೊಳ್ಳುತ್ತೆ."

ಲಲ್ಲಾ ಬೆಯ್ಯಾ ಹೆಮ್ಮೆಯಿಂದ ಉಬ್ಬಿಹೋದರು. ಜಲೀಲಾ ನೆಲ ನೋಡುತ್ತಿದ್ದಳು. ತಪ್ಪಿಸಿಕೊಂಡೆ ಎಂದು ಹಮ್ಮಾದಿ ಉಸಿರು ಬಿಡುವಷ್ಟರಲ್ಲಿ ಝಕಿಯಾ ತನ್ನ ಎರಡು ಬಳೆ ಕಳಚಿ ತಟ್ಟೆಯ ಮೇಲಿಟ್ಟಳು. ಬಳೆಗಳು ಕುಸ್ಕುಸ್ ಜೊತೆಯಲ್ಲೇ ಜಾರಿ ಪಾತ್ರೆಗೆ ಬಿದ್ದವು. ಇನ್ನೊಬ್ಬಳ ಓಲೆ ಜಾರಿತು. ಮತ್ತೊಬ್ಬಳ ಸರ ಜಾರಿತು. ಕೆಲವರು ಮನೆಗೆ ಓಡಿ ತಂತಮ್ಮ ಗುಡಾಣ, ಹಾಸಿಗೆ, ಹಿಟ್ಟಿನ ಡಬ್ಬಿಗಳಿಂದ ಒಡವೆ ತಂದರು. ಬೀದಿಯ ಚಿನ್ನವೆಲ್ಲ ಆ ತಟ್ಟೆಯ ಮೇಲೆ ಜಾರುಬಂಡೆ ಆಡಿತು, ಒಂದೂ ಅಂಟಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಮುಖ ಬಿಗಿದುಕೊಂಡು ತಂತಮ್ಮ ಗಂಡಂದಿರನ್ನು ಹುಡುಕಿಕೊಂಡು ಹೋದರು.

ಹೊತ್ತು ಮುಳುಗುವ ಮುಂಚೆ ಗಂಡಂದಿರು ಬಂದರು. ಎಲ್ಲರಿಗಿಂತ ಮುಂದೆ ಅಂಗಡಿಯಿಂದ ನೇರವಾಗಿ ಬಂದ ಶಾದ್ಲಿ, ಕೈಯಲ್ಲಿ ಕತ್ತಿ. ಅವನು ಯಂತ್ರದ ಪಕ್ಕ ಬಂದು ನಿಂತದ್ದೇ ತಡ, ಕತ್ತಿ ಕೈಬಿಟ್ಟು ಹಾರಿ ತಟ್ಟೆಗೆ ಅಂಟಿಕೊಂಡಿತು. ಬರಿಗೈಯಾದ ಶಾದ್ಲಿಗೆ ಸಿಟ್ಟಿನ ಜೊತೆ ಅಳುವೂ ಬಂತು.

"ಗಿರಾಕಿಗಳ ಎದುರು ನನ್ನ ಹೆಂಡತಿ ನನ್ನನ್ನ ಮೋಸಗಾರ ಅಂದ್ಲು," ಎಂದ. "ಎರಡು ವರ್ಷ ದುಡಿದು ಮಾಡಿಸಿದ ಬಳೆ ಅವು. ನೀನೇ ಹೇಳು ಹಮ್ಮಾದಿ, ಚಿನ್ನ ಅಯಸ್ಕಾಂತಕ್ಕೆ ಅಂಟುತ್ತಾ, ಇಲ್ವಾ?"

ಹಮ್ಮಾದಿಗೆ ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಆದರೆ ಬಾಗಿಲಲ್ಲಿ ಝಕಿಯಾ ಬೋಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು, ಕಣ್ಣು ಕೆಂಪಗಾಗಿತ್ತು. ಅದನ್ನು ನೋಡಿ ಅವನು ಆ ಸುಳ್ಳನ್ನು ನುಂಗಿಕೊಂಡ.

"ಅಂಟಲ್ಲ," ಎಂದ. "ಕಬ್ಬಿಣ ಮಾತ್ರ ಅಂಟುತ್ತೆ. ನಿಮ್ಮೆಲ್ಲರದೂ ಅಸಲಿ ಚಿನ್ನ. ನಾನು ಕೊಟ್ಟಿದ್ದೊಂದೇ ಕಬ್ಬಿಣ."

ಶಾದ್ಲಿ ಅವನನ್ನು ಅಪ್ಪಿಕೊಂಡೇಬಿಟ್ಟ. ಝಕಿಯಾ ಅಲ್ಲೇ ಬಳೆ ತೊಟ್ಟುಕೊಂಡಳು. ನಾಲ್ಕು ಜನ ಸೇರಿ ಕತ್ತಿ ಕಿತ್ತುಕೊಟ್ಟ ಮೇಲೆ ಬೀದಿಯವರೆಲ್ಲ ನಗುತ್ತಾ ಹೊರಟುಹೋದರು. ಅಂಗಳದಲ್ಲಿ ಮನೆಯ ಮೂವರೇ ಉಳಿದರು. ಹಮ್ಮಾದಿ ತನ್ನ ಬಟ್ಟೆಬರೆಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕಾದೀತೆಂದು ಯೋಚಿಸುತ್ತಾ ನಿಂತ.

ಜಲೀಲಾ ಕಡಗದ ಒಳಮೈಯನ್ನು ಬೆರಳಿನಿಂದ ಉಜ್ಜಿದಳು. ಕಪ್ಪುಗಂದು ಹುಡಿ ಉದುರಿತು. "ಮದುವೆಯಾಗಿ ನಾಲ್ಕನೇ ತಿಂಗಳಿಗೇ ನಂಗೊತ್ತಾಯ್ತು," ಎಂದಳು. "ಹಮ್ಮಾಮ್‌ನಲ್ಲಿ ಸ್ನಾನಕ್ಕೆ ಕೂತಾಗ ಕೈ ಸುತ್ತ ತುಕ್ಕು ಇಳೀತು. ಹೆಂಗಸರು ಕೇಳಿದ್ರು, ಮದರಂಗಿ ಅಂದೆ."

"ಮತ್ತೆ ಗುಡಾಣದಲ್ಲಿ ಯಾಕೆ?"

"ಕುಸ್ಕುಸ್ ಒಳಗೆ ತೇವ ಇರಲ್ಲ, ತುಕ್ಕು ಕಮ್ಮಿ ಹಿಡಿಯುತ್ತೆ. ಆದ್ರೂ ಗಂಟಿನ ಸಂದಿಯಿಂದ ಅಷ್ಟಿಷ್ಟು ಉದುರ್ತಿತ್ತು. ಇಷ್ಟು ವರ್ಷ ನಾವು ತಿಂದಿದ್ದು ಜೀಲಾನಿ ಗಿರಣಿ ಅಲ್ಲ, ನಿಮ್ಮ ಕಡಗ."

ಲಲ್ಲಾ ಬೆಯ್ಯಾ ಮಂಡಿ ಒತ್ತಿಕೊಳ್ಳುತ್ತಾ, ಹಾಗಾದರೆ ತನ್ನ ಮಂಡಿಯಲ್ಲಿ ಕೂತಿರುವುದು ಅಳಿಯಂದಿರೇ ಅಂತಾಯಿತು, ಮೊದಲಿಂದಲೂ ಅನುಮಾನವಿತ್ತು ಎಂದು ಒಳಗೆ ಹೋದರು.

"ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ಲವಲ್ಲೇ," ಎಂದ ಹಮ್ಮಾದಿ.

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಆಮೇಲೆ ಕಾಯೋದೇ ಅಭ್ಯಾಸ ಆಯ್ತು. ಕಳ್ಳ ಬಂದ್ರೆ ಅವನಿಗೂ ನಿಮ್ಮ ಬಂಡವಾಳ ಗೊತ್ತಾಗ್ಬಾರ್ದು ಅಂತ ಗುಡಾಣದ ತಳದಲ್ಲಿ ಬಚ್ಚಿಟ್ಟೆ. ಮೂವತ್ತೊಂದು ವರ್ಷ ಕಾಪಾಡಿದ ಮಾನ ರೀ. ನೀವು ತಟ್ಟೆ ಹಾಸಿ, ಜನ ಸೇರಿಸಿ, ಒಂದೇ ಮಧ್ಯಾಹ್ನದಲ್ಲಿ ಸೋಸಿ ತೋರಿಸಿದ್ರಿ." ಹೇಳುತ್ತಾ ಅವಳಿಗೆ ನಗು ಬಂತು, ನಗುವಿನ ನಡುವೆ ಕಣ್ಣೂ ಒರೆಸಿಕೊಂಡಳು. ಕಡಗವನ್ನು ಸೆರಗಿನಲ್ಲಿ ಒರೆಸಿ ಕೈಗೆ ತೊಟ್ಟುಕೊಂಡು ಒಲೆ ಹಚ್ಚಲು ಹೋದಳು.

ಮರುದಿನ ಅವಳೇ ಒಂದು ದೊಡ್ಡ ಬೋಗುಣಿಯ ತುಂಬ ಕುಸ್ಕುಸ್ ಮಾಡಿ, ಮೇಲೆ ಕುರಿಮಾಂಸ ಇಟ್ಟು, ಗಿರಣಿಗೆ ಹೋಗಿ ಕ್ಷಮೆ ಕೇಳಿ ಬನ್ನಿ ಎಂದು ಗಂಡನ ಕೈಗೆ ಕೊಟ್ಟಳು. ಗಿರಣಿಯ ಮುಂದೆ ಆಗಲೇ ಹೆಂಗಸರ ಸಾಲು ನಿಂತಿತ್ತು. ಹಮ್ಮಾದಿ ಅವರೆಲ್ಲರ ಎದುರು ತಲೆ ತಗ್ಗಿಸಿ, ತಪ್ಪಾಯಿತೆಂದು ಹೇಳಿ, ಬೋಗುಣಿಯನ್ನು ಮುಂದಿಟ್ಟ. ಜೀಲಾನಿ ದೊಡ್ಡ ಮನುಷ್ಯ. ಕೈ ತೊಳೆದು, ಬಿಸ್ಮಿಲ್ಲಾ ಎಂದು, ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಕುಸ್ಕುಸ್ ಮೇಲೆ ನಿಧಾನವಾಗಿ ಮೂರು ಸುತ್ತು ಆಡಿಸಿ, ಆಮೇಲೆ ಮೊದಲ ತುತ್ತು ಬಾಯಿಗಿಟ್ಟ.