ನನ್ನ ಶಿಫಾರಸು ಪತ್ರ ನಾನೇ ಬರೆದದ್ದು

ನನ್ನ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಎಲ್ಲ ಅಕ್ಷರಗಳೂ ಹೊಸದರಂತೆಯೇ ಇವೆ. ಅಳಿಸುವ ಗುಂಡಿಯ ಮೇಲಿನ ಬಾಣದ ಗುರುತು ಮಾತ್ರ ಅರ್ಧ ಸವೆದುಹೋಗಿದೆ. ಎಂ.ಎ. ಓದುವಾಗ ಕೊಂಡದ್ದು ಅದು. ಇಷ್ಟು ವರ್ಷ ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆ ಬಾಣದ ಉಳಿದರ್ಧಕ್ಕೂ ಕುತ್ತು ಬಂದದ್ದು ಕಳೆದ ತಿಂಗಳು, ಮೂರು ದಿನ ಕೂತು ನನ್ನನ್ನು ನಾನೇ ಹೊಗಳಿಕೊಳ್ಳಬೇಕಾಗಿ ಬಂದಾಗ.

ಹೊಗಳಿಕೊಳ್ಳುವುದು ನನಗೆ ಬರುವುದಿಲ್ಲ. ಇದನ್ನು ವಿನಯ ಎಂದು ಯಾರೂ ತಿಳಿಯಬಾರದು. ಅಭ್ಯಾಸದ ಕೊರತೆ, ಅಷ್ಟೇ. ಕೊಟ್ಟೂರಿನ ನಮ್ಮ ಮನೆಯಲ್ಲಿ ಯಾರಾದರೂ ನನ್ನ ಬಗ್ಗೆ ಒಂದು ಒಳ್ಳೆಯ ಮಾತಾಡಿದರೆ ಅವ್ವ ತಕ್ಷಣ ಒಂದು ಕುಂದನ್ನು ಹುಡುಕಿ ಎದುರಿಗಿಟ್ಟು ತಕ್ಕಡಿ ಸಮ ಮಾಡುತ್ತಿದ್ದಳು. ಎಂ.ಎ.ಯಲ್ಲಿ ತರಗತಿಗೇ ಮೊದಲಿಗಳಾಗಿ ಬಂದ ದಿನ ಪಕ್ಕದ ಮನೆಯವರು ಸಿಹಿ ಹಿಡಿದು ಬಂದಾಗ, ‘ಆತೇಳ್ರಿ, ರೊಟ್ಟಿ ಮಾತ್ರ ಇನ್ನೂ ದುಂಡಗ ಬರಂಗಿಲ್ಲ’ ಎಂದಿದ್ದಳು. ಹಾಗೆ ಬೆಳೆದವಳು ನಾನು. ಯಾರಾದರೂ ಹೊಗಳಿದರೆ ಈಗಲೂ ರೊಟ್ಟಿಯೇ ನೆನಪಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯವರು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಕುರಿ ಸಾಕುವ ಮನೆತನಗಳ ಬಗ್ಗೆ ಎರಡು ವರ್ಷ ಅಧ್ಯಯನ ಮಾಡಲು ಒಬ್ಬ ಸಂಶೋಧಕರು ಬೇಕೆಂದು ಪ್ರಕಟಿಸಿದ್ದರು. ಒಬ್ಬರೇ. ಸಮಾಜಶಾಸ್ತ್ರದ ಎಂ.ಎ. ಆಗಿರಬೇಕು, ಈ ಸೀಮೆಯ ಮಾತು ಬರಬೇಕು, ಹಳ್ಳಿಯಲ್ಲಿ ಉಳಿದು ಕೆಲಸ ಮಾಡಿರಬೇಕು. ಓದುತ್ತ ಓದುತ್ತ ಯಾರೋ ನನ್ನ ಮನೆಯ ಕಿಟಕಿಯಲ್ಲಿ ಇಣುಕಿ ಬರೆದಂತೆ ಅನ್ನಿಸಿತು. ನನ್ನ ಎಂ.ಎ. ಪ್ರಬಂಧವೇ ಕೂಡ್ಲಿಗಿ ಕಡೆಯ ಕುರಿಗಾರರ ಮನೆಯ ಹೆಂಗಸರ ಮೇಲೆ. ಕೊನೆಯ ಸಾಲಿನಲ್ಲಿ ವಯಸ್ಸಿನ ಮಿತಿ ಇತ್ತು: ಮೂವತ್ತೆರಡು. ನನಗೆ ಮುಂದಿನ ಏಪ್ರಿಲ್ಲಿಗೆ ಮೂವತ್ತಮೂರು. ಅಂದರೆ ಇಂಥ ಬಾಗಿಲು ನನ್ನ ಮಟ್ಟಿಗೆ ಇದೇ ಕೊನೆಯದು. ಅರ್ಜಿಯ ಜೊತೆಗೆ ಪಾಠ ಹೇಳಿದ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರ ಬೇಕು, ಕನ್ನಡದಲ್ಲಿದ್ದರೂ ಆದೀತು, ಶನಿವಾರ ಸಂಜೆಯೊಳಗೆ ತಲುಪಬೇಕು.

ಈ ಕೊನೆಯ ಬಾಗಿಲಿನ ಮಾತು ಏಕೆಂದರೆ, ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಒಂದೆರಡು ದಿನಕ್ಕೆ ಬಂದು ಹೋಗುವವರು ಎಂದು ನಿಘಂಟು ಹೇಳುತ್ತದೆ. ನಾನು ಏಳು ವರ್ಷದಿಂದ ಅತಿಥಿ. ಪ್ರತಿ ವರ್ಷ ಅಂತಿಮ ಬಿ.ಎ. ಮಕ್ಕಳಿಗೆ ‘ಸಮಾಜ ವಿಜ್ಞಾನಗಳಲ್ಲಿ ಉದ್ಯೋಗ ಮತ್ತು ಸಂಶೋಧನಾ ಅವಕಾಶಗಳು’ ಎಂಬ ಉಪನ್ಯಾಸ ಕೊಡುವ ಹೊಣೆಯೂ ನನ್ನದೇ. ಕಾಯಂ ಅಧ್ಯಾಪಕರು ಆ ಹೊತ್ತಿಗೆ ಸಭೆಯಲ್ಲಿರುತ್ತಾರೆ. ನಾನು ಬೋರ್ಡಿನ ಮೇಲೆ ಒಂದೊಂದಾಗಿ ಬರೆಯುತ್ತೇನೆ: ಬೋಧನೆ, ಸಂಶೋಧನೆ, ಸಮೀಕ್ಷೆ, ಗ್ರಾಮೀಣಾಭಿವೃದ್ಧಿ, ಆಡಳಿತ ಸೇವೆ. ಬೋರ್ಡು ತುಂಬುತ್ತದೆ. ಹೋದ ವರ್ಷ ಹಡಗಲಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, ಬಹಳ ಮರ್ಯಾದೆಯಿಂದ, ‘ಇಷ್ಟೆಲ್ಲಾ ಐತಿ ಅಂದ್ರ ನೀವ್ಯಾಕ ಇಲ್ಲೇ ಅದೀರಿ ಮೇಡಂ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ಹೇಳಿ ಬೋರ್ಡು ಒರೆಸಿದೆ. ಬೋರ್ಡು ಒರೆಸುವುದರಿಂದ ತಪ್ಪಿದ ಉತ್ತರಗಳು ನನ್ನ ವೃತ್ತಿಯಲ್ಲಿ ಬಹಳ ಇವೆ.

ಶಿಫಾರಸು ಪತ್ರಕ್ಕಾಗಿ ಹರಪನಹಳ್ಳಿಯಲ್ಲಿ ನಿವೃತ್ತರಾಗಿ ನೆಲೆಸಿರುವ ನಮ್ಮ ಪ್ರೊಫೆಸರರಿಗೆ ಫೋನ್ ಮಾಡಿದೆ. ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದವರು, ಸಜ್ಜನರು. ಯೋಗಕ್ಷೇಮ ಕೇಳಿದರು, ಅವ್ವನ ಮೊಣಕಾಲು ಕೇಳಿದರು, ತಮ್ಮ ಮೊಣಕಾಲಿನ ಬಗ್ಗೆ ಹೇಳಿದರು. ಆಮೇಲೆ, ‘ನೀನೇ ಬರ್ಕೊಂಡು ಬಾರಮ್ಮ, ನಾನು ಸಹಿ ಹಾಕ್ತೀನಿ. ನಿನ್ನ ಬಗ್ಗೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತೈತೆ?’ ಎಂದರು. ಇದು ನಮ್ಮ ವಿದ್ಯಾ ಲೋಕದ ಹಳೆಯ ರೂಢಿ. ಅವರ ಗುರುಗಳೂ ಅವರಿಗೆ ಹಾಗೆಯೇ ಹೇಳಿರಬೇಕು. ಹೀಗೆ ತಲೆಮಾರುಗಳಿಂದ ನಮ್ಮಲ್ಲಿ ಎಲ್ಲರೂ ತಮ್ಮನ್ನು ತಾವೇ ಶಿಫಾರಸು ಮಾಡಿಕೊಂಡು ಬಂದಿದ್ದೇವೆ.

ಬರೆಯಲು ಕೂತೆ. ಅರವತ್ತೈದು ವರ್ಷದ ಗಂಡಸಾಗಿ, ಮೊಣಕಾಲು ನೋವಿನ ಸಮೇತ ಕುಳಿತು ನನ್ನನ್ನು ಸ್ವಲ್ಪ ದೂರದಿಂದ ನೋಡಲು ಪ್ರಯತ್ನಿಸಿದೆ. ದೂರದಿಂದ ಹೆಚ್ಚೇನೂ ಕಾಣಲಿಲ್ಲ. ‘ಈಕೆ ಪ್ರತಿಭಾವಂತೆ’ ಎಂದು ಬರೆದೆ, ಅಳಿಸಿದೆ. ‘ಶ್ರಮಜೀವಿ’ ಎಂದು ಬರೆದೆ. ಎತ್ತಿನ ಬಗ್ಗೆ ಹೇಳಿದಂತಾಯಿತು, ಅಳಿಸಿದೆ. ಎರಡು ದಿನದ ಕೊನೆಗೆ ಉಳಿದದ್ದು ನಾಲ್ಕು ಸಾಲು: ಈಕೆ ಎರಡು ವರ್ಷ ನನ್ನ ವಿದ್ಯಾರ್ಥಿನಿಯಾಗಿದ್ದರು, ತರಗತಿಗೆ ನಿಯಮಿತವಾಗಿ ಹಾಜರಾಗುತ್ತಿದ್ದರು, ನಡತೆ ತೃಪ್ತಿಕರ, ಇವರ ವಿರುದ್ಧ ಯಾವ ದೂರೂ ಇಲ್ಲ.

ಅದನ್ನು ಹೇಗಿದೆಯೆಂದು ನೋಡಲು ಕೊಟ್ರೇಶಣ್ಣನ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಕೊಟ್ಟೂರಿನಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಇವನು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟಿರುವ ಕೊಟ್ರೇಶಣ್ಣ. ಸುತ್ತಲಿನ ಊರುಗಳ ಹುಟ್ಟುಹಬ್ಬದ ಫ್ಲೆಕ್ಸು, ನಿವೃತ್ತಿಯ ಮಾನಪತ್ರ, ಶ್ರದ್ಧಾಂಜಲಿ ಎಲ್ಲ ಅವನ ಕೈಯಲ್ಲೇ ಆಗುತ್ತವೆ. ಜನರ ಹೆಸರು ಮತ್ತು ಫೋಟೋ ಕೊಟ್ಟರೆ ಸಾಕು, ಹೊಗಳಿಕೆ ಅಂಗಡಿಯದೇ. ಅವನು ನನ್ನ ಹಾಳೆಯನ್ನು ಪ್ರಿಂಟರಿನಿಂದ ಎತ್ತಿ, ನಿಂತಲ್ಲೇ ಓದಿ, ನನ್ನ ಮುಖ ನೋಡಿದ.

‘ಮೇಡಂ, ಇದು ಜೈಲಿಂದ ಬಿಡೋ ಮುಂದ ಕೊಡೋ ಕಾಗದ ಇದ್ದಂಗ ಐತಲ್ರಿ.’

ಅವನ ಸಿದ್ಧಾಂತದ ಪ್ರಕಾರ ಹೊಗಳಿಕೆ ಹಾಳೆಯ ಅಳತೆಗೆ ತಕ್ಕಂತಿರಬೇಕು. ಹತ್ತು ಅಡಿಯ ಫ್ಲೆಕ್ಸಿನಲ್ಲಿ ಎರಡು ಅಡಿಯ ಹೊಗಳಿಕೆ ಹಾಕಿದರೆ ಮನುಷ್ಯ ಸತ್ತಂತೆ ಕಾಣುತ್ತಾನೆ. ನಾನು ಬೇಡವೆನ್ನುವಷ್ಟರಲ್ಲಿ ಟೈಪ್ ಮಾಡಿಯೇ ಬಿಟ್ಟ. ಐದು ನಿಮಿಷದಲ್ಲಿ ನಾನು ಸಮಾಜಶಾಸ್ತ್ರದ ಧ್ರುವತಾರೆ, ಸರಳತೆಯ ಸಾಕಾರಮೂರ್ತಿ, ಬಡವರ ಆಶಾಕಿರಣ ಆಗಿದ್ದೆ. ಕೊನೆಯ ಸಾಲು ‘ಶುಭ ಕೋರುವವರು’ ಎಂದಿತ್ತು. ಅದನ್ನು ಓದುವಾಗ ನನಗೆ ನಗು ಬರಬೇಕಿತ್ತು, ಬಂದದ್ದು ಆಯಾಸ. ಇದನ್ನು ಕಳಿಸಿದರೂ ಕೆಲಸ ಸಿಕ್ಕೀತೇನೋ ಎಂಬ ಅನುಮಾನದ ಆಯಾಸ.

ಸಂಜೆ ಅವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಲ್ಯಾಪ್‌ಟಾಪಿನ ಪಕ್ಕಕ್ಕಿಟ್ಟು ಏನು ನಡೆದಿದೆಯೆಂದು ವಿಚಾರಿಸಿದಳು. ಹೇಳಿದೆ. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ರೊಟ್ಟಿಯ ಮಾತೆತ್ತಲಿಲ್ಲ. ‘ಒಬ್ಬರ ಮನಿ ಮಾತು ಇನ್ನೊಬ್ಬರ ಮನಿಗೆ ಒಯ್ಯಂಗಿಲ್ಲ ಅಂತ ಬರಿ’ ಎಂದಳು, ಒಂದು ಬಜ್ಜಿ ಮುರಿಯುತ್ತ. ಇದು ಸಂಸ್ಥೆಗೆ ಬೇಕಾಗುವ ಮಾತಲ್ಲ ಅವ್ವ ಎಂದೆ. ‘ಹಂಗಾರ ಅವ್ರು ಎಂಥ ಜನ’ ಎಂದು ಒಳಗೆ ಹೋದಳು.

ಕೊನೆಗೆ ಹಳೆಯ ಪ್ರಬಂಧವನ್ನೇ ತೆಗೆದು, ಅದರಲ್ಲಿ ಹೊಗಳುವಂಥದ್ದು ಏನಾದರೂ ಇದೆಯೇ ಎಂದು ಹುಡುಕಿದೆ. ಒಂದು ಇತ್ತು. ನಮ್ಮ ಪ್ರಶ್ನಾವಳಿಯ ಮೊದಲ ಪ್ರಶ್ನೆ, ‘ಕುಟುಂಬದ ಮುಖ್ಯಸ್ಥರು ಯಾರು?’ ಗಂಡಸರು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುವ ಆ ಮನೆಗಳಲ್ಲಿ ಮುಖ್ಯಸ್ಥರು ಕಾಲಕಾಲಕ್ಕೆ ಬದಲಾಗುತ್ತಾರೆ, ಆದ್ದರಿಂದ ಆ ಪ್ರಶ್ನೆಯೇ ತಪ್ಪು ಎಂದು ಪ್ರಬಂಧ ತೋರಿಸಿತ್ತು. ಪ್ರೊಫೆಸರರು ಅಂದು ಇದನ್ನು ತುಂಬಾ ಮೆಚ್ಚಿದ್ದರು. ‘ಪ್ರಶ್ನೆಯಲ್ಲೇ ಇದ್ದ ದೋಷವನ್ನು ಗುರುತಿಸಿದ ಸೂಕ್ಷ್ಮಮತಿ’ ಎಂದು ಬರೆದೆ. ಅಳಿಸಲಿಲ್ಲ. ಅದರ ಸುತ್ತ ಉಳಿದ ಪತ್ರ ತಾನಾಗಿಯೇ ಬೆಳೆಯಿತು.

ಗುರುವಾರ ಹರಪನಹಳ್ಳಿಗೆ ಹೋದೆ. ಪ್ರೊಫೆಸರರು ಚಹಾ ಕೊಡಿಸಿ, ಕನ್ನಡಕ ಹುಡುಕಿ, ಪತ್ರದ ಮಧ್ಯದ ಆ ಸಾಲಿನ ಮೇಲೆ ಪೆನ್ನಿನಿಂದ ತಟ್ಟಿದರು. ಇದೊಂದು ಸಾಕು ಎಂದರು. ಸಹಿ ಹಾಕಿದರು. ಬಸ್ಸಿನಲ್ಲಿ ಬರುವಾಗ ಆ ಪತ್ರವನ್ನು ಎರಡು ಸಲ ತೆಗೆದು ನೋಡಿದೆ. ಮೂರನೆಯ ಸಲ ತೆಗೆಯಲಿಲ್ಲ; ಆ ಸಾಲು ನನ್ನದಲ್ಲ ಎಂದು ನನಗೆ ಗೊತ್ತಿತ್ತು.

ಅದು ಮಾಳಮ್ಮನದು. ಪ್ರಬಂಧಕ್ಕಾಗಿ ನಾನು ಉಳಿದುಕೊಂಡಿದ್ದ ಮನೆಯ ಹುಡುಗಿ, ಆಗ ಹತ್ತನೇ ತರಗತಿ ಮುಗಿಸಿದ್ದಳು. ಅವಳ ಅಜ್ಜಿಗೆ ನಾನು ಮುಖ್ಯಸ್ಥರು ಯಾರೆಂದು ಕೇಳಿದಾಗ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಇವಳು ತಲೆಯೆತ್ತದೆ, ‘ಯಾವ ತಿಂಗಳದಾಗ, ಅಕ್ಕಾ?’ ಎಂದಿದ್ದಳು. ನನ್ನ ಸೂಕ್ಷ್ಮಮತಿ ಎಂದರೆ ಅದನ್ನು ಕೇಳಿಸಿಕೊಂಡದ್ದು. ಪ್ರಬಂಧದಲ್ಲಿ ಅವಳು ‘ಮಾಹಿತಿದಾರರೊಬ್ಬರು’ ಆದಳು. ನಾನು ಹೊರಡುವ ದಿನ, ಹೀಗೆ ಮನೆಮನೆಗೆ ಹೋಗಿ ಕೇಳುವುದಕ್ಕೆ ಏನು ಓದಬೇಕೆಂದು ಕೇಳಿದಳು. ಸಮಾಜಶಾಸ್ತ್ರ ಎಂದೆ. ಅವಕಾಶ ಅದಾವೇನು ಎಂದಳು. ಬಹಳ ಇವೆ ಎಂದೆ. ಅದು ಅವಕಾಶಗಳ ಬಗ್ಗೆ ನಾನು ಕೊಟ್ಟ ಮೊದಲ ಉಪನ್ಯಾಸ. ಕೇಳಿದವರು ನಂಬಿದ್ದೂ ಅದೊಂದನ್ನೇ.

ಆ ಸಂಜೆ ಪ್ರೊಫೆಸರರು ಫೋನ್ ಮಾಡಿದರು. ಪತ್ರ ಬಹಳ ಚೆನ್ನಾಗಿ ಬಂದಿದೆಯೆಂದು ಇನ್ನೊಮ್ಮೆ ಹೇಳಿ, ‘ಇನ್ನೊಬ್ಬಳು ಹುಡುಗಿ ಅದಾಳಮ್ಮ, ನನ್ನ ಕೊನೇ ಬ್ಯಾಚಿನವಳು, ಮಾಳಮ್ಮ ಅಂತ. ಅದೇ ಕೆಲಸಕ್ಕೆ ಹಾಕ್ತಾಳಂತೆ. ಅವಳಿಗೂ ಒಂದು ಬರ್ಕೊಟ್ಟುಬಿಡು, ನಿನಗೆ ಕೈ ಕುದುರೈತೆ’ ಎಂದರು. ಏಳು ವರ್ಷದಲ್ಲಿ ನನಗೆ ದೊರೆತ ಮೊದಲ ಕಾಯಂ ಹುದ್ದೆ ಇದೇ ಇರಬೇಕು ಎಂದುಕೊಂಡು ಆಗಲಿ ಸರ್ ಎಂದೆ.

ಸ್ವಲ್ಪ ಹೊತ್ತಿಗೆ, ಪ್ರೊಫೆಸರರಿಂದ ನಂಬರು ತೆಗೆದುಕೊಂಡು, ಮಾಳಮ್ಮನೇ ಫೋನ್ ಮಾಡಿದಳು, ಅದೇ ಮಾಳಮ್ಮ. ಈಗ ಕೂಡ್ಲಿಗಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ತನ್ನ ಪತ್ರ ತಾನೇ ಬರೆಯಲು ಹೋಗಿ ಎರಡು ಸಾಲಿಗೇ ನಿಂತುಬಿಟ್ಟಳಂತೆ.

‘ನನ್ನ ಬಗ್ಗಿ ಏನು ಬರೀತೀರಕ್ಕಾ? ಬರಿಯೋವಂಥದ್ದು ಏನೈತಿ?’

ನಾನು ನಿಮ್ಮ ಮನೆಗೆ ಪ್ರಶ್ನೆ ಕೇಳಲು ಬಂದಿದ್ದು ನೆನಪಿದೆಯೇ, ಆಗ ನೀನೇನು ಹೇಳಿದೆ ಎಂಬುದು ನೆನಪಿದೆಯೇ ಎಂದು ವಿಚಾರಿಸಿದೆ.

‘ಇಲ್ಲಕ್ಕಾ. ನಿಮ್ಮ ಹಾಳಿ ಮ್ಯಾಲ ಕುರಿಮರಿ ಉಚ್ಚಿ ಹೊಯ್ದಿದ್ದು ನೆನಪೈತಿ.’

ಅಂದರೆ ಆ ಮಾತು ಯಾರದೆಂದು ಈ ಲೋಕದಲ್ಲಿ ಗೊತ್ತಿರುವವಳು ನಾನೊಬ್ಬಳೇ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಪ್ರೊಫೆಸರರ ಸಹಿ ಬಿದ್ದ ಹಾಳೆ ನನ್ನ ಚೀಲದಲ್ಲಿತ್ತು. ಅರ್ಜಿ ಶನಿವಾರ ಸಂಜೆಯೊಳಗೆ ತಲುಪಬೇಕು ಎಂದು ಅವಳಿಗೆ ನೆನಪಿಸಿದೆ. ನಿಮಗೆ ಹೇಗೆ ಗೊತ್ತು, ನೀವೂ ಹಾಕಿದ್ದೀರಾ ಎಂದಳು. ಹೌದೆಂದೆ.

‘ಹಂಗಾರ ನಾ ಬಿಡ್ಲೇನಕ್ಕಾ?’

ಬೇಡ, ಹಾಕು ಎಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. ತರಗತಿಯಲ್ಲಿ ಹಾಜರಿ ಕರೆಯುವಾಗಲೂ ಹಾಗೆಯೇ ಇರುತ್ತದೆ, ಒಳಗೆ ಏನಿದ್ದರೂ. ಫೋನಿಟ್ಟ ಮೇಲೆ ಬಹಳ ಹೊತ್ತು ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಅವಕಾಶ ಬಹಳ ಇವೆ ಎಂದವಳು ನಾನು; ಒಂದೇ ಇದ್ದುದು ಅವಳ ತಪ್ಪಲ್ಲ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ನನ್ನ ಪತ್ರದಿಂದ ಆ ಸಾಲನ್ನು ಕತ್ತರಿಸಿ ಮಾಳಮ್ಮನ ಪತ್ರದಲ್ಲಿ ಅಂಟಿಸಿದೆ, ಅವಳು ಸೊಪ್ಪು ಬಿಡಿಸುತ್ತ ಅದನ್ನು ಹೇಳಿದ್ದನ್ನೂ ಸೇರಿಸಿ. ಅವಳ ಪತ್ರ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು; ಒಮ್ಮೆಯೂ ಏನನ್ನೂ ಅಳಿಸಲಿಲ್ಲ. ನನ್ನದರ ನಡುವೆ ಬಿದ್ದ ಖಾಲಿ ಜಾಗದಲ್ಲಿ, ಬೇರೇನೂ ತೋಚದೆ, ‘ಈಕೆ ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯುವವರಲ್ಲ’ ಎಂದು ಬರೆದೆ. ಕೊಟ್ರೇಶಣ್ಣ ಎರಡನ್ನೂ ಪ್ರಿಂಟ್ ತೆಗೆದು, ಎರಡನ್ನೂ ನಿಂತಲ್ಲೇ ಓದಿದ. ‘ಈ ಹುಡುಗೀದು ಭಾಳ ಚಲೋ ಬಂದೈತ್ರಿ ಮೇಡಂ’ ಎಂದ. ‘ನಿಮ್ದು ಮತ್ತ ಜೈಲಿಗೆ ಹೋತು.’ ಹಾಳೆಗಳು ಮಡಚಿಹೋಗದಂತೆ ಒಂದು ಪ್ಲಾಸ್ಟಿಕ್ ಫೈಲು ಕೊಟ್ಟ. ಸಹಿಯಾಗಿದ್ದ ಹಳೆಯ ಪತ್ರವನ್ನು ಹರಿದು ಅವನ ಬುಟ್ಟಿಗೆ ಹಾಕಿ, ಹೊಸ ಎರಡು ಸಹಿಗಳಿಗಾಗಿ ಹರಪನಹಳ್ಳಿಯ ಬಸ್ಸು ಹತ್ತಿದೆ.