ಮಾಮಾನ ಒಲೆ, ನನ್ನ ಮೂಗು

ನನ್ನ ಸೋದರಮಾವನಿಗೆ ಮೂಗಿರಲಿಲ್ಲ. ಮುಖದ ಮೇಲೆ ಇತ್ತು, ಒಪ್ಪುತ್ತೇನೆ; ಕನ್ನಡಕ ಕೂರುವಷ್ಟು ಉದ್ದವೂ ಇತ್ತು. ಆದರೆ ಹರೆಯದಲ್ಲಿ ಬಂದ ಯಾವುದೋ ಜ್ವರ ಅದರ ವಾಸನೆ ಹಿಡಿಯುವ ಶಕ್ತಿಯನ್ನು ಮಾತ್ರ ಎತ್ತಿಕೊಂಡು ಹೋಗಿತ್ತು. ಇಂಥವರು ಯಾವ ವಿದ್ಯೆಗೆ ಕೈಹಾಕಬೇಕು? ಯಾವುದಕ್ಕಾದರೂ ಹಾಕಲಿ, ಗಂಧಕದ ಕಲ್ಲು ಹುರಿಯುವುದೊಂದನ್ನು ಬಿಟ್ಟು! ಮಾಮಾ ಹಾಕಿದ್ದು ಅದಕ್ಕೇ.

ಆಗ ನಾಡೆಲ್ಲ ಬ್ರಿಟಿಷರ ರಾಜ್ಯ. ಪುಣೆಯ ನಮ್ಮ ವಠಾರದ ವಾಡೆಯಲ್ಲಿ ಮಾತ್ರ ಮಾಮಾನ ರಾಜ್ಯ. ಧಾರವಾಡದಿಂದ ಬಂದು, ಮದ್ದುಗುಂಡಿನ ಕಾರ್ಖಾನೆಯಿರುವ ಖಡಕಿಯಲ್ಲಿ ಗುಮಾಸ್ತನಾಗಿದ್ದ ನಾನು ಅವರ ಪಕ್ಕದ ಖೋಲಿಯಲ್ಲಿದ್ದೆ. ಮಾಮಿಗೆ ಮೈಯಲ್ಲಿ ರಕ್ತ ಕಡಿಮೆ, ಮುಖ ಸುಣ್ಣ ಬಳಿದ ಗೋಡೆ. ಡಾಕ್ಟರರ ಬಾಟ್ಲಿಗಳು ಸೋತ ಮೇಲೆ ಮಾಮಾ ಹಳೆಯ ವೈದ್ಯಗ್ರಂಥ ಬಿಚ್ಚಿ, ಸ್ವರ್ಣಮಾಕ್ಷಿಕವೆಂಬ ಕಲ್ಲು ತಂದರು. ಹೊರಗೆ ಬಂಗಾರದ ಹೊಳಪು. ಒಳಗೆ ತಾಮ್ರ, ಕಬ್ಬಿಣ, ಗಂಧಕ. ಕುಟ್ಟಿ ಪುಡಿಮಾಡಿ, ನಿಂಬೆರಸ ಹಿಂಡಿ, ಕಬ್ಬಿಣದ ಬಾಣಲೆಯಲ್ಲಿ ದಿನವೂ ಹುರಿಯಬೇಕು.

"ಕಾದಂಗ ಗಂಧಕ ಹೊಗಿ ಆಗಿ ಹೊರಗ ಹೋಗತದ, ಅದರ ಜಾಗಾದಾಗ ಗಾಳಿ ಬಂದು ಕೂಡತದ," ಎಂದು ಮಾಮಾ ಪಾಠ ಹೇಳಿದರು. "ಕಲ್ಲು ಥಳಕು ಬಿಟ್ಟು ಕೆಂಪು ಬೂದಿ ಆಗತದ. ವಾಸನಿ ಪೂರಾ ನಿಂತರ ಔಷಧ. ಒಂದೆಳಿ ಉಳದರೂ ವಿಷ."

"ವಾಸನಿ ನಿಂತದ್ದು ನಿಮಗ ಹೆಂಗ ತಿಳೀತದರಿ?"

"ನಿನಗ ದೇವರು ಮೂಗು ಯಾಕ ಕೊಟ್ಟಾನ?"

ನ್ಯಾಯ ನೋಡಿದಿರಾ! ಕಲ್ಲು ಅವರದು, ಒಲೆ ಅವರದು. ಉರಿಯುವುದು ನನ್ನ ಮೂಗು! ಆ ಹೊಗೆ ಸಾಮಾನ್ಯದ್ದೇ? ಸಾವಿರ ಕಡ್ಡಿಪೆಟ್ಟಿಗೆಗಳನ್ನು ಒಮ್ಮೆಲೇ ಗೀರಿ ಗಂಟಲಲ್ಲಿ ತುರುಕಿದಂತೆ. ಎದುರು ಖೋಲಿಯ ಮರಾಠಿ ಅಜ್ಜಿ ಕೆಮ್ಮುತ್ತ, ಇದೇನು ಸುಡುತ್ತಿದ್ದೀರೆಂದು ಜಗಳಕ್ಕೇ ಬಂದರು: "ಅಹೋ, ಹೇ ಕಾಯ್ ಜಾಳತಾಯ್?" ಮಾಮಾ ಪೆನ್ಸಿಲ್ಲು ತೆಗೆದು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಅತ್ಯಂತ ವಿನಯದಿಂದ ಮರಾಠಿಯಲ್ಲಿ ಕೇಳಿದರು. ಅಜ್ಜಿ ಯೋಚಿಸಿ, "ಥೋಡಾ ಕಮೀ" ಎಂದು ಸಾಕ್ಷಿ ನುಡಿದು ಮರಳಿದರು. ಬೈಯಲು ಬಂದದ್ದು ಅವರಿಗೆ ನೆನಪಾದದ್ದು ಮರುದಿನವಂತೆ!

ನಾನು ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ನನ್ನ ಕೋಟನ್ನು ಮೂಸಿ, "ಮದ್ದಿನ ಕಾರ್ಖಾನ್ಯಾಗ ಇದ್ದೀರೇನ್ರಿ?" ಎಂದರು. ಕಾಗದಪತ್ರದ ಕೆಲಸ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸಂಬಂಧವೂ ಹೊಗೆಯಾಯಿತು. ಮಾಮಿ ನೀರು ಚಿಮುಕಿಸಿಟ್ಟ ನೇರಳೆ ಗೊರಟೆ ಹೂವಿನ ಮಾಲೆ ಹೊಗೆ ಬಡಿದು, ಬಣ್ಣ ಹಾರಿ, ಅವರ ಮುಖದಂತೆಯೇ ಬಿಳಿಚಿತು. ಮಾಮಿ ಅದನ್ನು ತೆಗೆದಿಟ್ಟು ಇನ್ನೊಂದು ಕಟ್ಟಿದರು. ಇಂಥ ಸಹನೆಯಿಂದಲೇ ಗಂಡಸರು ಕೆಡುವುದು!

ಹನ್ನೊಂದನೆಯ ಸಂಜೆ ನನ್ನ ತಾಳ್ಮೆ ಮುಗಿಯಿತು. ಬಾಣಲೆಯ ಮೇಲೆ ಬಗ್ಗಿದೆ. ಕಣ್ಣಲ್ಲಿ ನೀರು ಬಂತು. "ವಾಸನಿ ಇಲ್ಲರಿ," ಎಂದೆ, ನ್ಯಾಯಾಧೀಶನ ಗಾಂಭೀರ್ಯದಿಂದ.

ಮಾಮಾನ ಮುಖ ಅರಳಿತು. ಒಂದು ಚಿಟಿಕೆ ಪುಡಿಯನ್ನು ಆರಲು ಬಿಟ್ಟು, ಜೇನಿನಲ್ಲಿ ಕಲೆಸಿ, ತಮ್ಮ ಬಾಯಿಯ ಹತ್ತಿರ ಒಯ್ದರು.

"ಇದೇನ್ರಿ! ಮಾಮಿಗಲ್ಲೇನು?"

"ಮೊದಲ ನಾ. ಎಂಟು ದಿನ ನನಗೇನೂ ಆಗದಿದ್ರ ಆಮ್ಯಾಲ ಅಕೀಗೆ."

ನಾನು ಅವರ ಕೈ ಹಿಡಿದುಬಿಟ್ಟೆ. "ಅದರಿ ಮಾಮಾ! ವಾಸನಿ ಇನ್ನೂ ಅದರಿ! ನಾ ಸುಳ್ಳು ಹೇಳಿದೆ."

ಬೈಗುಳಕ್ಕೆ ಕಾದೆ. ಅವರು ಬೆರಳು ತೊಳೆದುಕೊಂಡು ಬಂದು, ಪೆನ್ಸಿಲ್ಲು ತೆಗೆದು, "ಎಷ್ಟದ?" ಎಂದು ಮಾತ್ರ ಕೇಳಿದರು.

ನಾಚಿಕೆಯೂ ಸಿಟ್ಟಿನ ವೇಷದಲ್ಲೇ ಬರುತ್ತದೆ. ಒಳಗೆ ಹೋಗಿ ಮಾಮಿಯ ಮೇಲೆ ಹರಿಹಾಯ್ದೆ: "ಈ ವಾಸನಿ ಇಲ್ಲದ ಗೊರಟೆ ಯಾಕ ಮುಡೀತೀರಿ? ಒಂದು ಮೊಳ ಮಲ್ಲಿಗಿ ಮುಡದ್ರ ನನ್ನ ಮೂಗಿಗೆ ಅಷ್ಟಾದ್ರೂ ಪುಣ್ಯಾ ಬರತಿತ್ತು!"

ಮಾಮಿ ನಕ್ಕರು. "ಮಲ್ಲಿಗಿ ಅವರಿಗೆಲ್ಲಿ ತಿಳೀತದೋ? ಬಣ್ಣಾದ್ರೂ ಕಾಣಲಿ ಅಂತ ಇದನ್ನ ಮುಡೀತೀನಿ."

ಮರುದಿನ ಕಚೇರಿಯಿಂದ ಬಂದವನು ಕೋಟು ಕಳಚಿಟ್ಟು, ಯಾರೂ ಕರೆಯದೆಯೇ ಒಲೆಯ ಮುಂದೆ ಕುಳಿತೆ. ಬಗ್ಗಿದೆ. ಮೂಗು ಚುರ್ರೆಂದಿತು.

"ಅದರಿ ಮಾಮಾ," ಎಂದೆ. "ಆದರ ನಿನ್ನೆಗಿಂತ ಕಡಿಮಿ."